ಚೀಟಿಯಲ್ಲಿ ಇದ್ದದ್ದನ್ನು ಓದಿದೆ

ಬೀಜಾಡಿ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ನಾಗು ಅಕ್ಕಾ,

ಕಣ್ಣಿನ ಪೊರೆ ತೆಗೆಸಿದ ಮೇಲೆ ಹೇಗಿದ್ದೀ? ಬೆಳಕು ನೋಡಿದರೆ ಇನ್ನೂ ನೀರು ಸುರಿಯುತ್ತದೆಯೆ? ಮುಂಬಯಿಯಲ್ಲಿ, ಭಾಂಡುಪಿನ ಆ ಮೂರು ಮಾಳಿಗೆಯ ಮೆಟ್ಟಿಲನ್ನು ದಿನಕ್ಕೊಂದು ಸಲಕ್ಕಿಂತ ಹೆಚ್ಚು ಹತ್ತಬೇಡ. ನಿನಗೆ ಕನ್ನಡಕವಿಲ್ಲದೆ ಓದಲು ಆಗಲಿ ಎಂದು ಅಕ್ಷರಗಳನ್ನು ದಪ್ಪದಪ್ಪ ಬರೆಯುತ್ತಿದ್ದೇನೆ, ಕಾಗದ ಜಾಸ್ತಿಯಾದರೆ ಆಗಲಿ. ಮೊಮ್ಮಗಳು ಮೋಕ್ಷಿತಾ ಓದಿ ಹೇಳುತ್ತೇನೆ ಎಂದರೂ ಕೊಡಬೇಡ, ಇದನ್ನು ನೀನೇ ಓದು. ನಾನು ಚೆನ್ನಾಗಿದ್ದೇನೆ. ಶ್ರೀಲತಾಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬೆಳಿಗ್ಗೆ ಕಡಲ ಬದಿಯಲ್ಲಿ ನಡೆಯುತ್ತಾಳೆ. ನೀನು ಮೂರು ಸಲ ಫೋನ್ ಮಾಡಿದೆಯಂತೆ. ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದೆ, ಇನ್ನೊಮ್ಮೆ ಅಂಗಡಿಗೆ, ಮತ್ತೊಮ್ಮೆ ನಿದ್ದೆ ಎಂದು ಅವಳು ಹೇಳಿದ್ದೆಲ್ಲ ಸುಳ್ಳು. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ನನಗೆ ಮಾತು ಬರುತ್ತಿಲ್ಲ ಅಕ್ಕ. ಗಾಬರಿಯಾಗಬೇಡ, ದೊಡ್ಡ ರೋಗವೇನೂ ಅಲ್ಲ. ಗಂಟಲೊಳಗಿನ ಸ್ವರದ ತಂತಿ ಬಾತುಕೊಂಡಿದೆ, ಒಂದು ತಿಂಗಳು ಪಿಸುಮಾತೂ ಆಡಬಾರದು ಎಂದು ಕುಂದಾಪುರದ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಸ್ಲೇಟು ಹಿಡಿದುಕೊಂಡು ತಿರುಗುತ್ತೇನೆ. ನಲವತ್ತು ವರ್ಷ ಸಿಗದ ನೆಮ್ಮದಿ ಈಗ ಸಿಕ್ಕಿತು ಎಂದು ಶ್ರೀಲತಾ ನಗುತ್ತಾಳೆ, ಆಮೇಲೆ ಒಳಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಾಳೆ. ಗಂಟಲು ಹೀಗಾದದ್ದು ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಬಾಯಿ ಮುಚ್ಚಿ ಕುಳಿತವನಿಗೆ ಹಳೆಯದೇ ನೆನಪಾಗುತ್ತದೆ. ನಿನಗೆ ಆ ಟೆಂಟು ಸಿನೆಮಾದ ಕಾರು ನೆನಪಿದೆಯೆ? ಕೋಟೇಶ್ವರದ ಕಡೆಯಿಂದ ಕೆಮ್ಮಣ್ಣಿನ ಧೂಳು ಎಬ್ಬಿಸಿಕೊಂಡು ಬರುತ್ತಿತ್ತು, ಮೇಲೆ ಎರಡು ಹಾರನ್ನು, ಒಳಗೆ ಕುಳಿತವನು ಕಿಟಕಿಯಿಂದ ಕೆಂಪು, ಹಳದಿ ನೋಟೀಸು ಎಸೆಯುತ್ತಿದ್ದ. ಹೆತ್ತ ಅಬ್ಬಿ ಬೊಬ್ಬೆ ಹೊಡೆದರೂ ಕೇಳದೆ ನಾವಿಬ್ಬರೂ ಹಿಂದೆ ಓಡುತ್ತಿದ್ದೆವು. ಎಲ್ಲರೂ ಸಿನೆಮಾದ ಆಸೆಗೆ ನೋಟೀಸು ಹೆಕ್ಕಿದರೆ ನೀನು ಓದುವ ಆಸೆಗೆ ಹೆಕ್ಕುತ್ತಿದ್ದಿ. ಮೂರನೆಯ ಕ್ಲಾಸಿಗೆ ನಿನ್ನ ಶಾಲೆ ಬಿಡಿಸಿ ಮೀನಿನ ಬುಟ್ಟಿ ಹೊರಿಸಿದ ಮೇಲೆ ನಿನಗೆ ಸಿಗುತ್ತಿದ್ದ ಪುಸ್ತಕ ಅದೊಂದೇ. ದೋಣಿಯ ನೆರಳಿನಲ್ಲಿ ಕುಳಿತು, ನನ್ನ ಬೆರಳು ಹಿಡಿದು, ಒದ್ದೆ ಮರಳಿನ ಮೇಲೆ 'ಇಂದೇ ನೋಡಿರಿ' ಎಂದು ಬರೆಯಿಸಿದ್ದಿ. ನಾನು ಶಾಲೆಯಲ್ಲಿ ಅ ಆ ಕಲಿಯುವ ಮೊದಲು ಕಲಿತ ಅಕ್ಷರ ಅದು. ಆಮೇಲೆ ನಾನು ಪೇಪರನ್ನು ಸುರುಳಿ ಸುತ್ತಿ ಬಾಯಿಗೆ ಹಿಡಿದುಕೊಂಡು, ಒಣಗಲು ಹಾಕಿದ ಬಲೆಗಳ ನಡುವೆ ಕೂಗುತ್ತಾ ನಡೆಯುವುದು, ನೀನು ಹಿಂದಿನಿಂದ ಹಳೆಯ ನೋಟೀಸು ಎಸೆಯುವುದು. 'ಈ ಮಾಣಿ ಗಂಟ್ಲ್ ಹರ್ಕಂಡೇ ಸಾಯತ್ತ್' ಎಂದು ಅಪ್ಪಯ್ಯ ಬೈಯುತ್ತಿದ್ದರು.

ಹತ್ತೊಂಬತ್ತಕ್ಕೆ ನಾನು ಕುಂದಾಪುರದ ಭೋಜರಾಜಣ್ಣನ ಮೈಕ್ ಅಂಗಡಿಗೆ ಸೇರಿದ್ದು ನಿನಗೆ ಗೊತ್ತು, ಅದೇ ವರ್ಷ ನಿನ್ನ ಮದುವೆಯಾಗಿ ಮುಂಬಯಿಗೆ ಹೋದಿ. ಹಾಗಾಗಿ 'ಮಹಾಜನರೇ' ಕತೆ ನಿನಗೆ ಸರಿಯಾಗಿ ಗೊತ್ತಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ. ಏನೇ ಪ್ರಚಾರ ಮಾಡುವುದಿದ್ದರೂ ಕೂಗುವ ಮಾತು ಬರೆದ ಚೀಟಿಯನ್ನು ಕಚೇರಿಗೆ ತೋರಿಸಿ ಸೀಲು ಹಾಕಿಸಬೇಕಿತ್ತು. ಒಂದು ದಿನ ಮೀನುಗಾರರ ಸಭೆಯ ಚೀಟಿ ಕೊಂಡುಹೋದರೆ, ಅಲ್ಲಿದ್ದವರು ಒಂದೊಂದೇ ಸಾಲಿಗೆ ಕೆಂಪು ಗೀಟು ಎಳೆಯುತ್ತಾ ಬಂದು, ಕೊನೆಗೆ ಮೇಲಿನ 'ಮಹಾಜನರೇ' ಒಂದನ್ನು ಮಾತ್ರ ಬಿಟ್ಟು ಸೀಲು ಒತ್ತಿದರು. ಭೋಜರಾಜಣ್ಣ ಕೈ ಮುಗಿದು ಹೊರಗೆ ಬಂದ. ಕಾರು ಹತ್ತಿ, 'ಹ್ವಾಯ್ ಕುಷ್ಟ, ಒಪ್ಗಿ ಇಪ್ದಷ್ಟೇ ಹೇಳ್, ಅದ್ಕಿಂತ ಒಂದ್ ಅಕ್ಷರ ಜಾಸ್ತಿ ಹೇಳ್ಬ್ಯಾಡ' ಎಂದ. ಕೋಟೇಶ್ವರದಿಂದ ಗುಲ್ವಾಡಿಯವರೆಗೆ ನಾನು ಪ್ರತಿ ತಿರುವಿನಲ್ಲೂ 'ಮಹಾಜನರೇ' ಎಂದು ಕೂಗಿ ಸುಮ್ಮನಾಗುವುದು. ಹಾರನ್ನಿನ ಗೊರಗೊರ ಮಾತ್ರ. ಜನ ಮನೆಯಿಂದ ಹೊರಗೆ ಬಂದು ಕಾಯುತ್ತಿದ್ದರು. 'ಮುಂದ್ ಎಂತ ಮಾರಾಯ್ರೆ?' ಎಂದು ಕೇಳಿದರೆ ಭೋಜರಾಜಣ್ಣ ಗಂಭೀರವಾಗಿ, 'ಮುಂದಿನದ್ದಕ್ಕೆ ಗೀಟ್ ಹಾಕಿರ್' ಎನ್ನುತ್ತಿದ್ದ. ಗುಲ್ವಾಡಿಯ ಹೊಳೆಬದಿಯಲ್ಲಿ ಒಬ್ಬ ಮುದುಕ ನಕ್ಕು ನಕ್ಕು ತೊಡೆ ತಟ್ಟಿಕೊಂಡ. ಸಭೆಗೆ ಎಷ್ಟು ಜನ ಬಂದರು ಗೊತ್ತೆ? ನಿಲ್ಲಲು ಜಾಗವಿರಲಿಲ್ಲ, ಸಭೆ ಇದೆ ಎಂದು ನಾವು ಹೇಳಿರಲೇ ಇಲ್ಲ.

ಅಂಥವನ ಕೈಯಲ್ಲಿ ಕಲಿತವನು ನಾನು ಅಕ್ಕ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಐವತ್ತು ವರ್ಷ ನಾನು ಕೂಗದ ಸುದ್ದಿ ಇಲ್ಲ. ಸರ್ಕಸ್ಸು, ಯಕ್ಷಗಾನದ ಆಟ, ನಾಟಕ, ದನ ಕಳೆದದ್ದು, ಕರೆಂಟು ಹೋಗುವುದು, ಕಡಲಿಗೆ ಇಳಿಯಬೇಡಿ ಎನ್ನುವ ತೂಫಾನಿನ ಎಚ್ಚರಿಕೆ, ದೊಡ್ಡವರ ಸಾವು. ಬಾರ್ಕೂರಿನಲ್ಲಿ ತಪ್ಪಿಸಿಕೊಂಡ ನಾಲ್ಕು ವರ್ಷದ ಹೆಣ್ಣುಮಗುವನ್ನು ನನ್ನ ಮೈಕೇ ಒಂದು ಗಂಟೆಯಲ್ಲಿ ತಾಯಿಯ ಮಡಿಲಿಗೆ ಸೇರಿಸಿತು. ಇಲೆಕ್ಷನ್ ಬಂದರೆ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಊಟ ಮಾಡಿ ಬಂದು ಇನ್ನೊಂದು ಪಕ್ಷ. 'ಕುಷ್ಟಣ್ಣ, ಬೆಳಿಗ್ಗೆ ಅವ್ರ್ ಕಳ್ಳರ್ ಅಂದ್ರಿ, ಈಗ ಇವ್ರಾ?' ಎಂದು ಜನ ಕೇಳಿದರೆ, 'ಚೀಟಿಯಂಗ್ ಇದ್ದದ್ ಓದ್ತೆ' ಎನ್ನುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಾನು ಅದನ್ನು ಒಂದು ದೊಡ್ಡ ನೀತಿ ಎಂದೇ ಹೆಮ್ಮೆ ಪಟ್ಟುಕೊಂಡಿದ್ದೆ. ಎಲ್ಲರಿಗೂ ಬಾಯಿ ಕೊಡುವವನು, ತನ್ನ ಅಭಿಪ್ರಾಯ ಇಲ್ಲದವನು. ಇನ್ನೊಂದು ನೆನಪು ಹೇಳಿ ಮುಂದೆ ಹೋಗುತ್ತೇನೆ. ನೀನು ಇಪ್ಪತ್ತೆರಡರ ಪ್ರಾಯದಲ್ಲಿ, ಕೋಟೇಶ್ವರಕ್ಕೆ ಬಂದಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಬುಟ್ಟಿ ಇಳಿಸಿ ಅಡ್ಡಗಟ್ಟಿ, 'ಕಡ್ಲ್ ಬದಿಗ್ ರಸ್ತಿ ಕೊಡ್ತೆ ಅಂದ್ರಲೆ, ಎಲ್ಲಿತ್ತ್ ರಸ್ತಿ?' ಎಂದು ಕೇಳಿದ್ದೆಯಲ್ಲ? ಅವರು ಒಂದು ಗಳಿಗೆ ಪೆಚ್ಚಾಗಿ, ಆಮೇಲೆ ನಕ್ಕು, ಡೈರಿ ತೆಗೆದು ಬರೆದುಕೊಂಡರು. ರಸ್ತೆ ಬಂದದ್ದು ಏಳು ವರ್ಷ ಕಳೆದ ಮೇಲೆ, ಆ ಮಾತು ಬೇರೆ. ಆದರೆ ಮರುದಿನ ನೀನು ಬುಟ್ಟಿ ಹೊತ್ತು ಹೋದಾಗ ಯಾರ ಮನೆಯ ಬಾಗಿಲೂ ಮುಚ್ಚಿರಲಿಲ್ಲ. ನಾಲ್ಕು ಮನೆಯವರು ಕರೆದು ಮಜ್ಜಿಗೆ ಕೊಟ್ಟರು ಎಂದು ನೀನೇ ಹೇಳಿದ್ದಿ.

ಈಗ ಈ ವರ್ಷದ ಸಂಗತಿ. ಈ ಸಲದ ಮಳೆಗಾಲದಲ್ಲಿ ಕಡಲು ಪಡುಕೇರಿಯ ಎಂಟು ತೆಂಗಿನ ಮರ ತಿಂದಿತು. ವನಜನ ಮನೆಯ ಹಿಂದಿನ ಬಾವಿಗೆ ಉಪ್ಪುನೀರು ನುಗ್ಗಿತು. ವನಜ ಯಾರೆಂದರೆ, ನಿನ್ನ ಜೊತೆ ಬುಟ್ಟಿ ಹೊರುತ್ತಿದ್ದ ಸುಕ್ರಿಯ ಸೊಸೆ. ಗಂಡ ಬೋಟಿಗೆ ಹೋಗುತ್ತಾನೆ, ಒಬ್ಬಳೇ ಮಗಳು ಪ್ರಣೀತಾ ಕಾಲೇಜಿಗೆ. ವನಜ ಈಗ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುತ್ತಾಳೆ. ಅವಳು ಮೇಲಿನ ಗದ್ದೆಯಲ್ಲಿ 'ಬಂಗ್ಡಿ' ಎಂದರೆ ಕೆಳಗಿನ ಕೇರಿಯ ಬೆಕ್ಕು ಎದ್ದು ಕೂರುತ್ತದೆ, ಅಂಥ ಸ್ವರ. ಮಳೆ ನಿಂತ ಮೇಲೆ ಗ್ರಾಮಸಭೆ ಆಯಿತು. ನಾನೂ ಹೋಗಿದ್ದೆ, ಅಲ್ಲಿನ ಮೈಕ್ ನನ್ನದೇ. ಕಡಲಿಗೆ ತಡೆಗೋಡೆ ಕಟ್ಟುವ ಗುತ್ತಿಗೆದಾರ ಶೈಲೇಶ್ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಕೆಲಸ ಪೂರ್ತಿಯಾಗಿದೆ ಎಂದು ವರದಿ ಓದಿದರು. ವನಜ ಎದ್ದು ನಿಂತಳು. 'ಗ್ವಾಡಿಗೆ ಅಂದೇಳಿ ಲಾರಿಯಂಗ್ ಕಲ್ಲ್ ಬಂದದ್ದ್ ನಾನೇ ನಿಂತ್ ಕಂಡಿದೆ. ಕಡ್ಲಿಗ್ ಬಿದ್ದದ್ ಅರ್ಧ. ಉಳ್ದ್ ಕಲ್ಲ್ ಎಲ್ಲಿಗ್ ಹೋಯ್ತ್?' ಅಷ್ಟೇ ಕೇಳಿದ್ದು. ಯಾರನ್ನೂ ಕಳ್ಳ ಎನ್ನಲಿಲ್ಲ. ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಮುಂದಿನ ಸಭೆಗೆ ಲೆಕ್ಕ ತರಿಸುತ್ತೇವೆ ಎಂದು ಅಧ್ಯಕ್ಷರು ಬರೆಸಿದರು. ಅಕ್ಕ, ನನಗೆ ಆಗ ನಿನ್ನದೇ ನೆನಪಾಯಿತು, ಹೆಮ್ಮೆಯೂ ಆಯಿತು.

ಮೂರು ದಿನ ಬಿಟ್ಟು ನಮ್ಮ ವಿಶಾಲ್ ಮನೆಗೆ ಬಂದ. ನಿನ್ನ ಮಗ ಅಲ್ಲವೇ, ಬರುವಾಗ ಅತ್ತೆಗೆ ಇಷ್ಟವೆಂದು ಹಲಸಿನ ಹಪ್ಪಳ ತಂದಿದ್ದ. ಮುಂಬಯಿಯ ಹೋಟೆಲು ಮುಚ್ಚಿ ಅವನು ಊರಿಗೆ ಬಂದು ಶೈಲೇಶನ ಹತ್ತಿರ ಸೂಪರ್‌ವೈಸರ್ ಆದದ್ದು ನಿನಗೆ ಗೊತ್ತೇ ಇದೆ. ಒಂದು ಚೀಟಿ ಕೊಟ್ಟು, 'ಮಾವ, ನಾಳೆ ಬೆಳಿಗ್ಗೆ ಇದೊಂದ್ ಸುತ್ತ್ ಹೇಳ್ಕಂಡ್ ಬನ್ನಿ, ಒಪ್ಗಿ ಎಲ್ಲ ನಾನೇ ತಂದಿದೆ' ಎಂದ. ಆರೋಗ್ಯ ಜಾಗೃತಿ ಎಂದು ಪರವಾನಗಿ ಇತ್ತು. ನಾನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ. ರಜೆಯಲ್ಲಿ ಬಂದಾಗ ನನ್ನ ಕಾರಿನ ಮುಂದಿನ ಸೀಟಿನಲ್ಲಿ ನಿಂತು 'ಹಲೋ ಹಲೋ' ಎಂದು ಇಡೀ ಊರಿಗೆ ಕೇಳಿಸುತ್ತಿದ್ದ ಮಗು ಅವನು. ಅವನು ಕೊಟ್ಟದ್ದನ್ನು ನಾನು ಪರೀಕ್ಷೆ ಮಾಡುವುದೆ? ಮರುದಿನ, ಈಗ ನನ್ನ ಪ್ರಚಾರಕ್ಕೆ ಬಾಡಿಗೆಗೆ ಬರುವ ಐತನ ಆಟೋದಲ್ಲಿ ಹೊರಟು ಕೋಟೇಶ್ವರದ ತಿರುವಿನಲ್ಲಿ ಮೈಕ್ ಹಿಡಿದ ಮೇಲೆಯೇ ಚೀಟಿ ಬಿಡಿಸಿದ್ದು. 'ಸಾರ್ವಜನಿಕರ ಗಮನಕ್ಕೆ. ಪಡುಕೇರಿಯ ವನಜ ಎಂಬವರು ಮಾರುವ ಮೀನಿಗೆ, ಹೆಣ ಕೆಡದಂತೆ ಬಳಸುವ ಫಾರ್ಮಲಿನ್ ಸೇರಿಸಲಾಗುತ್ತಿದೆ ಎಂದು ತಿಳಿದುಬಂದಿದೆ. ನಿಮ್ಮ ಮಕ್ಕಳ ಜೀವ ನಿಮ್ಮ ಕೈಯಲ್ಲಿದೆ.' ಕೆಳಗೆ ಯಾವುದೋ ಗ್ರಾಹಕರ ವೇದಿಕೆಯ ಹೆಸರು, ಊರಿಲ್ಲ, ವಿಳಾಸವಿಲ್ಲ.

ನಾನು ಓದಿದೆ ಅಕ್ಕ. ಸುಮ್ಮನೆ ಓದಲಿಲ್ಲ, ಚೆನ್ನಾಗಿ ಓದಿದೆ. ಭೋಜರಾಜಣ್ಣ ಕಲಿಸಿದ ಹಾಗೆ ಹೆಸರಿಗೆ ಮೊದಲು ಒಂದು ಉಸಿರು ನಿಲ್ಲಿಸಿ, 'ವನಜ' ಎಂದು ಬಿಡಿಸಿ ಹೇಳಿ, 'ಮಕ್ಕಳ ಜೀವ' ಎನ್ನುವಲ್ಲಿ ಸ್ವರ ಇಳಿಸಿ. ಮೊದಲ ತಿರುವು ಆದ ಕೂಡಲೇ ಐತ ಕನ್ನಡಿಯಲ್ಲಿ ನನ್ನ ಮುಖ ನೋಡಿ, 'ಕುಷ್ಟಣ್ಣ, ಇದ್ ನಿಮಿಗ್ ಗೊತ್ತಿಪ್ದಾ?' ಎಂದ. 'ನೀನ್ ಗಾಡಿ ಬಿಡ್' ಎಂದೆ. ಬೀಜಾಡಿ, ಪಡುಕೇರಿ ಎಲ್ಲ ಸುತ್ತಿ ಹನ್ನೊಂದು ಗಂಟೆಗೆ ಮನೆಗೆ ಬಂದು ಗಂಜಿ ಉಂಡೆ. ಸಂಜೆಯೊಳಗೆ ನನ್ನ ಸ್ವರ ಎಲ್ಲರ ಮೊಬೈಲಿನಲ್ಲಿ ಇತ್ತು. ಬೈಂದೂರಿನಿಂದ ಶ್ರೀಲತಾಳ ತಂಗಿ ಫೋನ್ ಮಾಡಿ ವನಜ ಎಂದರೆ ಯಾರು ಎಂದು ಕೇಳಿದಳು. ಬೇರೆ ಯಾರು ಹೇಳಿದ್ದರೂ ಜನ ಅರ್ಧ ನಂಬುತ್ತಿದ್ದರೇನೋ. ತೂಫಾನು ಬರುತ್ತದೆ ಎಂದು ಹೇಳಿದ ಸ್ವರ, ಕಳೆದ ಮಗುವನ್ನು ಹುಡುಕಿಕೊಟ್ಟ ಸ್ವರ ಹೇಳಿದರೆ ಯಾರು ನಂಬುವುದಿಲ್ಲ? ಇಪ್ಪತ್ತು ವರ್ಷ ಅವಳಿಂದ ಮೀನು ಕೊಂಡ ಮನೆಗಳು ಅವಳ ಸ್ಕೂಟರಿನ ಸದ್ದಿಗೆ ಒಳಗೆ ಹೋದವು. ಮೂರನೆಯ ದಿನ ಅವಳು ಪೆಟ್ಟಿಗೆ ತುಂಬ ಬಂಗುಡೆಯನ್ನು ಕಡಲಿಗೇ ಚೆಲ್ಲಿದಳಂತೆ. ಪ್ರಣೀತಾಳ ಪಕ್ಕದಲ್ಲಿ ಕುಳಿತು ಊಟ ಮಾಡಲು ಕಾಲೇಜಿನಲ್ಲಿ ಯಾರೂ ಒಪ್ಪಲಿಲ್ಲವಂತೆ.

ಆ ಭಾನುವಾರ ಬೆಳಿಗ್ಗೆ ವನಜ ನಮ್ಮ ಮನೆಗೆ ಬಂದಳು. ಬೊಬ್ಬೆ ಹೊಡೆಯುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ಜಗಲಿಗೆ ಬಂದರೆ ಅವಳು ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲೇ ನಿಂತು ಮೆಲ್ಲಗೆ, 'ನೀವ್ ಕಂಡಿದ್ರ್ಯಾ ಕುಷ್ಟಣ್ಣ?' ಎಂದಳು. 'ಚೀಟಿಯಂಗ್ ಇದ್ದದ್ ಓದ್ದೆ ಮಾರಾಯ್ತಿ' ಎಂದೆ. 'ಹಾಂಗಾರೆ ನಾಳೆ ವನಜ ಸತ್ ಹೋಯ್ತ್ ಅಂದೇಳಿ ಚೀಟಿ ಕೊಟ್ರೆ ಅದನ್ನೂ ಓದ್ತ್ರ್ಯಾ?' ಶ್ರೀಲತಾ ಒಳಗಿನಿಂದ ನೀರು ತಂದು ಕೊಟ್ಟಳು, ಅವಳು ಕುಡಿಯಲಿಲ್ಲ. ಹೋಗುವಾಗ ತಿರುಗಿ, 'ನಾನಿನ್ ಸಭಿಗ್ ಬತ್ತಿಲ್ಲೆ. ಗ್ವಾಡಿ ಬ್ಯಾಡ, ಕಲ್ಲೂ ಬ್ಯಾಡ. ಕಡ್ಲ್ ಮನಿಯೊಳ್ಗ್ ಬಂದ್ರೆ ಬರ್ಲಿ' ಎಂದಳು. ಮೀನು ಹೋದದ್ದಕ್ಕಿಂತ, ಮಗಳು ಅತ್ತದ್ದಕ್ಕಿಂತ ನನಗೆ ಆ ಮಾತೇ ತಾಗಿತು. ಅಂಥ ಸ್ವರದವಳ ಬಾಯಿ ಮುಚ್ಚಿಸಲು ಶೈಲೇಶನಿಗೆ ಒಂದು ಕಡ್ಡಿ ಅಲ್ಲಾಡಿಸುವ ಕೆಲಸವೂ ಇರಲಿಲ್ಲ, ನನ್ನ ಬಾಯಿ ಸಾಕಾಯಿತು.

ವಿಶಾಲನನ್ನು ಕರೆಸಿ ಕೇಳಿದೆ. ಅವನು ಕೆಟ್ಟವನಲ್ಲ ಅಕ್ಕ, ತಲೆ ತಗ್ಗಿಸಿಯೇ ಕುಳಿತಿದ್ದ. ಆದರೆ ಮಾತು ಮಾತ್ರ ಶೈಲೇಶನದ್ದು. 'ಅಲ್ದಾ ಮಾವ, ಅವ್ರ್ ಸಭಿಯಂಗ್ ಎಂತ ಬೇಕಾರೂ ಮಾತಾಡ್ಲಕ್, ನಾವ್ ಮಾತಾಡುಕಾಗ್ದಾ? ಪ್ರಜಾಪ್ರಭುತ್ವ ಅಲ್ದಾ? ಬಾಯಿ ಎಲ್ರಿಗೂ ಇತ್ತಲ್ದಾ?' ಎಂದ. ಮೀನಿಗೆ ಮದ್ದು ಹಾಕಿದ್ದನ್ನು ಯಾರು ನೋಡಿದ್ದು ಎಂದರೆ 'ಎಲ್ರೂ ಹೇಳ್ತ್ರ್' ಎಂದ. ಐವತ್ತು ವರ್ಷ ನಾನು ಹೇಳಿಕೊಂಡು ಬಂದದ್ದೂ ಅದನ್ನೇ ಅಲ್ಲವೆ, ಎಲ್ಲರಿಗೂ ಬಾಯಿ ಇರಬೇಕು ಎಂದು? ಅವನು ಹೋದ ಮೇಲೆ ಎರಡು ದಿನ ಅದೇ ಯೋಚನೆ. ಕಡಲ ಬದಿಯಲ್ಲಿ ಕುಳಿತು, ಅರ್ಧಕ್ಕೆ ನಿಂತ ಆ ಗೋಡೆಯನ್ನು ನೋಡುತ್ತಾ ನನಗೆ ತಿಳಿದದ್ದು ಇಷ್ಟು. ವನಜ ತನ್ನ ಹೆಸರಿನಲ್ಲಿ, ತನ್ನ ಮುಖ ತೋರಿಸಿ, ಕೇಳಬೇಕಾದ ಜಾಗದಲ್ಲಿ, ಕೇಳಬೇಕಾದವನ ಎದುರಿಗೆ ನಿಂತು ಕೇಳಿದಳು. ಶೈಲೇಶನಿಗೆ ಉತ್ತರ ಕೊಡಲು ಅಲ್ಲೇ ಮೈಕ್ ಇತ್ತು. ಚೀಟಿಗೆ ಹೆಸರಿಲ್ಲ, ಮುಖವಿಲ್ಲ, ಇನ್ನೊಬ್ಬನ ಗಂಟಲು ಬಾಡಿಗೆಗೆ ಹಿಡಿದು ಬಂತು. ಅದಕ್ಕೆ ವನಜ ಎಲ್ಲಿ ಹೋಗಿ ಉತ್ತರ ಕೊಡಬೇಕು? 'ತಿಳಿದುಬಂದಿದೆ' ಎಂದರೆ ಯಾರಿಗೆ ತಿಳಿಯಿತು, ಎಲ್ಲಿಂದ ಬಂತು? ಇನ್ನೊಬ್ಬರ ಬಾಯಿ ಮುಚ್ಚಿಸಲೆಂದೇ ಆಡಿದ ಸುಳ್ಳನ್ನೂ ಸ್ವಾತಂತ್ರ್ಯ ಎಂದು ಕರೆದರೆ ಕೊನೆಗೆ ಉಳಿಯುವುದು ದೊಡ್ಡ ಹಾರನ್ನು ಇದ್ದವನ ಬಾಯಿ ಒಂದೇ. ದೊಡ್ಡ ದೊಡ್ಡ ಪುಸ್ತಕ ಓದಿದವರು ಇದನ್ನು ಹೇಗೆ ಹೇಳುತ್ತಾರೋ, ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಆ ಸುದ್ದಿ ಕೇಳಿ ಆರೋಗ್ಯ ಇಲಾಖೆಯವರು ವನಜನ ಪೆಟ್ಟಿಗೆಯಿಂದ ಮೀನು, ಮಂಜುಗಡ್ಡೆ ಎರಡನ್ನೂ ಪರೀಕ್ಷೆಗೆ ಕೊಂಡುಹೋಗಿದ್ದರು. ಹದಿನೈದು ದಿನಕ್ಕೆ ವರದಿ ಬಂತು, ಯಾವ ಮದ್ದೂ ಇಲ್ಲ. ಆದರೆ ಆ ಕಾಗದವನ್ನು ಯಾರು ಓದುತ್ತಾರೆ? ನಾನು ಅದರ ಪ್ರತಿ ಹಿಡಿದುಕೊಂಡು ಮೈಕಿಗೆ ಪರವಾನಗಿ ಕೇಳಲು ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ಈಗ ಎರಡು ಕಡೆಯವರ ಜಗಳವಾಗಿದೆ, ವ್ಯಕ್ತಿಯ ಹೆಸರು ಹಿಡಿದು ಪ್ರಚಾರ ಮಾಡಿದರೆ ಗಲಾಟೆಯಾಗಬಹುದು, ಸದ್ಯಕ್ಕೆ ಬೇಡ ಎಂದರು. ಹಾಗಾದರೆ ಅವತ್ತು ಹೆಸರು ಹಿಡಿದೇ ಹೇಳಿದೆನಲ್ಲ ಎಂದೆ. ಅರ್ಜಿಯಲ್ಲಿ ಹೆಸರು ಇರಲಿಲ್ಲ, ಆರೋಗ್ಯ ಜಾಗೃತಿ ಎಂದಿತ್ತು ಎಂದು ತೋರಿಸಿದರು. ಹೌದು, ಇರಲಿಲ್ಲ. ಎದ್ದು ಹೊರಡುವಾಗ, ಮೈಕಿಲ್ಲದೆ ಒಬ್ಬ ಮನುಷ್ಯ ರಸ್ತೆಯಲ್ಲಿ ನಿಂತು ಮಾತಾಡಿದರೆ ಪರವಾನಗಿ ಬೇಕೆ ಎಂದು ಕೇಳಿದೆ. ಅವರು ನನ್ನ ಬಿಳಿ ತಲೆ ನೋಡಿ ಸಣ್ಣಗೆ ನಕ್ಕು, 'ಒಬ್ರೇ ಆದ್ರೆ ಬ್ಯಾಡ ಕುಷ್ಟಣ್ಣ' ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ಕೋಟೇಶ್ವರದ ಅದೇ ತಿರುವಿನಲ್ಲಿ ನಿಂತೆ. ಐವತ್ತು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಮೈಕ್ ಇಲ್ಲ, ಚೀಟಿಯೂ ಇಲ್ಲ. ಕೈಯನ್ನು ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ ಅಕ್ಕ. 'ನಾನು ಕುಷ್ಟ. ವನಜ ಮಾರುವ ಮೀನಿನ ಬಗ್ಗೆ ಇಲ್ಲಿ ನಿಂತು ನಾನು ಹೇಳಿದ್ದು ಸುಳ್ಳು. ನಾನು ಕಣ್ಣಿನಿಂದ ಕಂಡದ್ದಲ್ಲ, ಯಾರೋ ಬರೆದದ್ದನ್ನು ಓದಿದೆ. ಪರೀಕ್ಷೆಯ ವರದಿ ಇಲ್ಲಿದೆ, ಓದಲು ಬರುವವರು ಬಂದು ಓದಿ. ತಪ್ಪು ನನ್ನದು.' ಮೈಕಿನಲ್ಲಿ ಹೇಳಿದ್ದು ಒಂದು ತಿರುವಿನಿಂದ ನಲವತ್ತು ಮನೆಗೆ ಕೇಳಿತ್ತು. ಬರೀ ಬಾಯಿಯಲ್ಲಿ ಹೇಳಿದರೆ ನಾಲ್ಕು ಮನೆಗೆ ಕೇಳುತ್ತದೆ. ಹಾಗಾಗಿ ನಾಲ್ಕು ಮನೆಗೊಮ್ಮೆ ನಿಲ್ಲುತ್ತಾ ಹೋದೆ. ಮೊದಲ ದಿನ ಕೆಲವರು ನಕ್ಕರು, ತಲೆ ಕೆಟ್ಟಿದೆ ಎಂದರು. ಒಬ್ಬ ಮುದುಕರು ಗೇಟು ಹಿಡಿದುಕೊಂಡು, 'ಈಗ ಬಂದ್ಯಾ? ಅವತ್ ಹೇಳುವತಿಗೆ ಬುದ್ಧಿ ಎಲ್ಲಿಗ್ ಹೋಯಿತ್ತ್?' ಎಂದರು. ಅವರು ಹೇಳಿದ್ದು ಸರಿ. ಎರಡನೆಯ ದಿನ ಶೈಲೇಶನ ಕಡೆಯ ಇಬ್ಬರು ಬೈಕಿನಲ್ಲಿ ಹಿಂದೆ ಬಂದು, ನಾನು ಬಾಯಿ ತೆರೆದಾಗಲೆಲ್ಲ ಹಾರನ್ ಒತ್ತತೊಡಗಿದರು. ಅವರು ನಿಲ್ಲಿಸುವವರೆಗೆ ಕಾಯುತ್ತಿದ್ದೆ, ಆಮೇಲೆ ಮೊದಲಿನಿಂದ ಹೇಳುತ್ತಿದ್ದೆ. ಹೀಗೆ ಒಂದೇ ಮನೆಯ ಮುಂದೆ ಆರು ಸಲ ಹೇಳಿದ್ದೂ ಇದೆ. ಆ ಮನೆಯ ಶರ್ಮಿಳಾ ಎನ್ನುವ ಹೆಂಗಸು ಹೊರಗೆ ಬಂದು ಬೈಕಿನವರಿಗೆ ಸರಿಯಾಗಿ ಬೈದು, ನನಗೆ ಒಂದು ಲೋಟ ಬಿಸಿನೀರು ಕೊಟ್ಟು, 'ಕುಷ್ಟಣ್ಣ, ಮೂರ್ ವಾರ ಆಯ್ತ್ ನಮ್ಮನಿಯಂಗ್ ಮೀನ್ ಇಲ್ದೆ. ನಾಳಿಂದ ಅವ್ಳಿಗ್ ಬಪ್ಪುಕ್ ಹೇಳಿ' ಎಂದಳು. ಐತ ಆಟೋ ತಂದು ಕೂರಿ ಎಂದ. ಕೂರಲಿಲ್ಲ. ಆದರೆ ಅವನು ಬಿಡಲೂ ಇಲ್ಲ, ಬಾಡಿಗೆಗೆ ಹೋಗದೆ ಖಾಲಿ ಆಟೋವನ್ನು ನನ್ನ ಹಿಂದೆಯೇ ನಿಧಾನ ಬಿಡುತ್ತಾ ಬಂದ.

ಮೂರನೆಯ ದಿನ ಬೀಜಾಡಿಯ ಬಸ್ಸು ನಿಲ್ಲುವಲ್ಲಿಗೆ ಬರುವಾಗ ಗಂಟಲಿನಲ್ಲಿ ರಕ್ತದ ರುಚಿ. ಕಾಲೇಜಿನ ಮಕ್ಕಳು, ಮೀನಿನ ಹೆಂಗಸರು, ಕೆಲಸಕ್ಕೆ ಹೊರಟವರು, ನಲವತ್ತು ಐವತ್ತು ಜನ ಇದ್ದರು. ಇಷ್ಟು ಜನ ಒಟ್ಟಿಗೆ ಸಿಕ್ಕಿದ್ದು ಅದೇ ಮೊದಲು. 'ನಾನು ಕುಷ್ಟ, ವನಜ ಮಾರುವ...' ಎನ್ನುವಷ್ಟರಲ್ಲಿ ಸ್ವರ ಹೋಯಿತು. ಬಾಯಿ ಆಡುತ್ತದೆ, ಗಾಳಿ ಬರುತ್ತದೆ, ಮಾತಿಲ್ಲ. ಯಾರೋ ಕಿಸಕ್ಕನೆ ನಕ್ಕರು. ವನಜ ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಬಂದು ನನ್ನ ಕೈಯಿಂದ ಆ ವರದಿಯ ಕಾಗದ ತೆಗೆದುಕೊಂಡು, ಮಡಚಿ ನನ್ನ ಕಿಸೆಗೇ ತುರುಕಿದಳು. 'ಸಾಕ್ ಕುಷ್ಟಣ್ಣ, ಇನ್ ಮೀನಿನ್ ಸುದ್ದಿ ಬ್ಯಾಡ' ಎಂದಳು. ಆಮೇಲೆ ಜನರ ಕಡೆ ತಿರುಗಿ, ಆ ಹಳೆಯ ಸ್ವರ ತೆಗೆದು, 'ಹ್ವಾಯ್, ಎಲ್ಲ ಕೇಣಿ! ನಾನ್ ಸಭಿಯಂಗ್ ಒಂದ್ ಮಾತ್ ಕೇಂಡಿದೆ, ಇನ್ನೂ ಉತ್ರ ಬರ್ಲಿಲ್ಲ. ಗ್ವಾಡಿ ಕಲ್ಲ್ ಎಲ್ಲಿಗ್ ಹೋಯ್ತ್?' ಎಂದಳು. ರಸ್ತೆಯ ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ನಗುತ್ತಿದ್ದವರು ನಗು ನಿಲ್ಲಿಸಿದರು. ಮೀನಿನ ಹೆಂಗಸರಲ್ಲಿ ಒಬ್ಬಳು, 'ಹೌದಲೆ, ಎಲ್ಲಿಗ್ ಹೋಯ್ತ್?' ಎಂದಳು, ಅವಳ ಹಿಂದೆ ಇನ್ನೊಬ್ಬಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ ಅಕ್ಕ. ಐತ ನನ್ನನ್ನು ಎತ್ತಿ ಆಟೋದಲ್ಲಿ ಕೂರಿಸಿಕೊಂಡು ನೇರ ಕುಂದಾಪುರದ ಡಾಕ್ಟರ ಹತ್ತಿರ ಹೋದ.

ಎಲ್ಲ ಸರಿಹೋಯಿತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಅರ್ಧದಷ್ಟು ಮನೆಗಳು ವನಜನಿಗೆ ಬಾಗಿಲು ತೆರೆದಿವೆ, ಉಳಿದವರು ಈಗಲೂ ಬೇರೆಯವರ ಹತ್ತಿರ ಕೊಳ್ಳುತ್ತಾರೆ. ನಾನು ಓದಿದ ಆ ಮೊದಲಿನ ಮಾತು ಇನ್ನೂ ಯಾರ ಯಾರ ಮೊಬೈಲಿನಲ್ಲೋ ತಿರುಗುತ್ತಿದೆ, ಮೊನ್ನೆ ಬ್ರಹ್ಮಾವರದಲ್ಲಿ ಹೊಸ ಸುದ್ದಿ ಎಂಬಂತೆ ಬಂದಿತಂತೆ. ನಾನು ನಡೆದುಕೊಂಡು ಹೇಳಿದ್ದು ಬೀಜಾಡಿ ದಾಟಲಿಲ್ಲ. ಆದರೆ ಕಲ್ಲಿನ ಲೆಕ್ಕ ಕೇಳಿ ಅರವತ್ತು ಜನ ಸಹಿ ಹಾಕಿದ ಅರ್ಜಿ ಮೇಲಿನ ಕಚೇರಿಗೆ ಹೋಗಿದೆ. ಮುಂದಿನ ಸಭೆಗೆ ವನಜ ಬರುತ್ತಾಳೆ, ಪ್ರಣೀತಾ ಕೂಡ ಬರುತ್ತೇನೆ ಎಂದಿದ್ದಾಳೆ. ನನಗೆ ಆ ಹುಡುಗಿ ಇನ್ನೂ ಮುಖ ಕೊಟ್ಟು ಮಾತಾಡಿಲ್ಲ. ನಿನ್ನೆ ಮಾತ್ರ ನಮ್ಮ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ, ಶ್ರೀಲತಾಳ ಕೈಯಲ್ಲಿ ನಾಲ್ಕು ಬಂಗುಡೆ ಕೊಟ್ಟು ಹೋದಳು ವನಜ. ಗಂಟಲು ಉರಿಯುತ್ತಿದ್ದರೂ ಸಾರು ಮಾಡಿಸಿ ಉಂಡೆ.

ಭಾಂಡುಪಿನಲ್ಲಿ ಎಲ್ಲರನ್ನೂ ಕೇಳಿದೆ ಎಂದು ಹೇಳು. ಮೋಕ್ಷಿತಾ ಚೆನ್ನಾಗಿ ಓದಲಿ. ಔಷಧಿಯ ಹನಿ ಬಿಡುವುದನ್ನು ಮರೆಯಬೇಡ, ನಿನ್ನ ಕಣ್ಣು ಬೇಗ ನಿಚ್ಚಳವಾಗಲಿ. ಅಬ್ಬಿ ಹೋದ ಮೇಲೆ ನನ್ನ ತಲೆಯ ಮೇಲೆ ಕೈ ಇಡಲು ನೀನೊಬ್ಬಳೇ ಉಳಿದಿದ್ದೀ, ಅಲ್ಲಿಂದಲೇ ಒಮ್ಮೆ ಇಡು.

ನಿನ್ನ ತಮ್ಮ,
ಕುಷ್ಟ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಬಿಟ್ಟದ್ದು: ಆ ಚೀಟಿಯ ಬಗ್ಗೆ ವನಜ ಪೊಲೀಸರಿಗೆ ದೂರು ಕೊಟ್ಟಿದ್ದಾಳೆ. ಇದೇ ೨೪ರ ಸೋಮವಾರ ನನ್ನ ಹೇಳಿಕೆ ಬರೆಸಿಕೊಳ್ಳುತ್ತಾರೆ, ಬಾಯಿ ಬಾರದಿದ್ದರೆ ಕೈಯಲ್ಲೇ ಬರೆದುಕೊಡಿ ಎಂದಿದ್ದಾರೆ. ಚೀಟಿ ಕೊಟ್ಟದ್ದು ಯಾರು ಎಂದು ಕೇಳಿಯೇ ಕೇಳುತ್ತಾರೆ. ನೆನಪಿಲ್ಲ ಎಂದು ಹೇಳಿಬಿಡಿ ಎಂದು ಶೈಲೇಶ್ ಜನ ಕಳಿಸಿದ್ದ. ನಾನು ಹೆಸರು ಬರೆಯುತ್ತೇನೆ ಅಕ್ಕ, ಮೊದಲು ನನ್ನದು, ಆಮೇಲೆ ವಿಶಾಲನದ್ದು. ಅದಕ್ಕೆ ಮೊದಲು ಅವನೇ ಹೋಗಿ ಯಾರು ಬರೆಯಿಸಿದರು ಎಂದು ಹೇಳಿದರೆ ಅವನಿಗೂ ಒಳ್ಳೆಯದು. ನಾನು ಹೇಳಿದರೆ ಕೇಳುತ್ತಿಲ್ಲ, ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ನೀನು ಫೋನ್ ಮಾಡಿ ಹೇಳು, ಬೈಯಬೇಡ. ನೀನು ತಾಯಿ. ಅವನ ಹೆಸರು ಬರೆಯಬೇಡ ಎಂದು ನೀನು ನನಗೆ ಹೇಳಬಹುದು. ಹೇಳಿದರೂ ನಾನು ಬರೆಯುತ್ತೇನೆ. ಆದರೆ ಬೇಡ ಎನ್ನುವುದಕ್ಕೆ, ನನ್ನನ್ನು ಬೈಯುವುದಕ್ಕೆ ನಿನಗೆ ಸಮಯ ಸಿಗಬೇಕು ಎಂದು ಈ ಪತ್ರವನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಫೋನ್ ಮಾಡು ಅಕ್ಕ. ಉತ್ತರ ಕೊಡಲು ನನಗೆ ಆಗುವುದಿಲ್ಲ, ನೀನು ಹೇಳುವುದನ್ನೆಲ್ಲ ಕೇಳುತ್ತೇನೆ.